ಪೂಜೆಗಿಟ್ಟ ಪಟ್ಟಿ

ಕಳೆದ ತಿಂಗಳು ತಂಗಿಯ ಮೊಮ್ಮಗಳ ನಾಮಕರಣಕ್ಕೆ ಗುಂಡ್ಲುಪೇಟೆಗೆ ಹೋಗಬೇಕಾಯಿತು. ಚಾಮರಾಜನಗರದಿಂದ ಬೆಳಗ್ಗೆ ಎಂಟೂ ಹತ್ತರ ಬಸ್ಸು. ತೆರಕಣಾಂಬಿ ದಾಟಿದ ಮೇಲೆ ರಸ್ತೆ ಕೆಲಸ ನಡೆಯುತ್ತಿದ್ದ ಕಡೆ ಬಸ್ಸು ನಿಂತಿತು. ಪಕ್ಕದಲ್ಲೇ ಚೆಂಡು ಹೂ ತುಂಬಿದ ಲಾರಿ ನಿಂತಿತ್ತು. ಬಿಸಿಲಿಗೆ ಬಾಡುತ್ತಿದ್ದ ಹೂವಿನ ಕಟುವಾಸನೆ, ಅದರೊಡನೆ ಲಾರಿಯ ಡೀಸೆಲ್ ಹೊಗೆ. ಹಿಂದಿನ ಸೀಟಿನ ಹೆಂಗಸು ಎಷ್ಟು ಚೆನ್ನಾಗಿದೆ ಹೂ ಎಂದಳು. ನಾನು ಕಿಟಕಿ ಎಳೆದುಕೊಂಡೆ. ವಾಸನೆ ಆಗಲೇ ಒಳಗೆ ಬಂದಾಗಿತ್ತು.

ಎಡಗಡೆ ಒಂದು ಕಬ್ಬಿಣದ ಗೇಟು ಕಾಣಿಸಿತು. ಅದರ ಹಿಂದೆ ಐದು ವರ್ಷಗಳ ಹಿಂದೆ ಒಂದು ಕಿರಿದಾದ ಮಣ್ಣಿನ ರನ್‌ವೇ ಇತ್ತು, ತಗಡಿನ ಶೆಡ್ಡು ಇತ್ತು, ಎರಡು ಪುಟ್ಟ ವಿಮಾನಗಳಿದ್ದವು. ಈಗ ಗೇಟಿನವರೆಗೂ ಉತ್ತು ಹೂ ಹಾಕಿದ್ದಾರೆ. ಅಲ್ಲಿ ಕಳೆದ ಒಂದು ಹೂವಿನ ಕಾಲ, ಆಷಾಢದಿಂದ ಆಯುಧಪೂಜೆಯವರೆಗಿನ ಮೂರು ತಿಂಗಳು, ನನ್ನ ಬಳಿಯೇ ಉಳಿದುಬಿಟ್ಟಿದೆ. ಅದನ್ನು ಇದ್ದಂತೆ ಬರೆದಿಡುತ್ತೇನೆ.

ನಾನು ವಾಯುಪಡೆಯಲ್ಲಿ ಇಪ್ಪತ್ತೆಂಟು ವರ್ಷ ವಿಮಾನ ಸಂಚಾರ ನಿಯಂತ್ರಣದ ಕೆಲಸ ಮಾಡಿ ವಾರೆಂಟ್ ಆಫೀಸರ್ ಆಗಿ ನಿವೃತ್ತನಾದವನು. ಊರು ಹರದನಹಳ್ಳಿ. ಊರವರು ನನ್ನ ಹೆಸರು ಮರೆತು ‘ವಾರೆಂಟ್ ಸಾರ್’ ಎನ್ನುತ್ತಾರೆ. ನಿವೃತ್ತಿಯಾದ ಮೇಲೂ ನಾಲ್ಕೂವರೆಗೆ ಏಳುವುದು, ಐದಕ್ಕೆ ನಡೆಯುವುದು, ಆರಕ್ಕೆ ಪೇಪರು. ಆ ವರ್ಷ ಜೂನ್ ತಿಂಗಳಲ್ಲಿ ಹಂಗಳದ ಗುರುಮಲ್ಲಪ್ಪ ನನ್ನನ್ನು ಹುಡುಕಿಕೊಂಡು ಮನೆಗೆ ಬಂದರು. ಅರಿಶಿನದ ವ್ಯಾಪಾರಿ, ಜಮೀನುದಾರರು, ಐವತ್ತೈದು ದಾಟಿದ್ದರು. ಹಾರುವ ಹುಚ್ಚು ಚಿಕ್ಕಂದಿನದು. ಆದರೆ ರಕ್ತದೊತ್ತಡದಿಂದಾಗಿ ಪೈಲಟ್‌ಗೆ ಬೇಕಾದ ವೈದ್ಯಕೀಯ ಪ್ರಮಾಣಪತ್ರ ಸಿಗಲಿಲ್ಲ. ಹಾಗಾಗಿ ತಾವು ಹಾರದಿದ್ದರೂ ಹಾರುವುದನ್ನು ನೋಡಲೆಂದು ಎರಡು ಮೈಕ್ರೋಲೈಟ್ ವಿಮಾನ ತಂದಿದ್ದರು. ಮೂರು ಗಾಲಿಯ ಬಂಡಿಯ ಮೇಲೆ ಹಿಂದೆ ಮುಂದೆ ಎರಡು ಸೀಟು, ಬೆನ್ನಿಗೆ ಎಂಜಿನ್ನು ಮತ್ತು ಪಂಖ, ತಲೆಯ ಮೇಲೆ ಗಾಳಿಪಟದಂಥ ಬಟ್ಟೆಯ ರೆಕ್ಕೆ. ಇಷ್ಟೇ ಅದು.

“ಪರ್ಮಿಷನ್ ಎಲ್ಲಾ ಆಗದೆ ವಾರೆಂಟ್ ಸಾರ್,” ಎಂದರು. “ಜಿಲ್ಲಾ ಕಚೇರಿ, ಪೊಲೀಸು, ಕಾಡ್ನೋರು, ಡೆಲ್ಲಿ, ಎಲ್ಲಾ ಸುತ್ತಿ ಎರಡು ವರ್ಸ ಆಯ್ತು. ಈಗ ಅಲ್ಲಿ ನಿಂತ್ಕಂಡು ಇದು ಸರಿ, ಇದು ಸರಿಯಿಲ್ಲ ಅನ್ನೋರು ಒಬ್ರು ಬೇಕು.”

“ನನ್ನ ಕೆಲಸ ಏನು?”

“ಗದರೋದು.”

ಒಳಗಿನಿಂದ ನನ್ನ ಹೆಂಡತಿ ಹೇಳಿದಳು: “ಅದುಕ್ಕಾದ್ರೆ ಕರಕಂಡೋಗಿ. ಅದೊಂದು ಚೆಂದಾಗಿ ಮಾಡ್ತಾರೆ.”

ಹೀಗೆ ನಾನು ದಿನವೂ ಮೊದಲ ಬಸ್ಸಿಗೆ ಆ ಶೆಡ್ಡಿಗೆ ಹೋಗತೊಡಗಿದೆ.

ಹಾರಾಟವೆಲ್ಲ ಬೆಳಗ್ಗೆಯೇ. ಒಂಬತ್ತರ ಮೇಲೆ ನೀಲಗಿರಿಯ ಕಡೆಯಿಂದ ಗಾಳಿ ಎದ್ದು ಆ ಹಗುರ ಯಂತ್ರಗಳನ್ನು ತೂರಾಡಿಸುತ್ತದೆ. ಮಳೆ ಕಾಡಿನ ಮೇಲೆಯೇ ಸುರಿದು ಮುಗಿದು, ನಮ್ಮ ಕಡೆಗೆ ಬರಿ ಮೋಡ ಬರುತ್ತಿತ್ತು. ವಾರಗಟ್ಟಲೆ ಬೂದು ಬೆಳಕು. ಅದರ ಕೆಳಗೆ ಕಣ್ಣು ಹೋದಷ್ಟು ದೂರ ಚೆಂಡು ಹೂವಿನ ಹೊಲ. ಬಣ್ಣ ತೆಗೆಯಲು ಕಾರ್ಖಾನೆಗೆ ಹೋಗುವ ಹೂ ಅದು. ಕೇರಳದಿಂದ ನೋಡಲು ಬಂದವರು ರಸ್ತೆ ಬದಿಯಲ್ಲಿ ನಿಂತು ಫೋಟೋ ತೆಗೆದುಕೊಳ್ಳುತ್ತಿದ್ದರು, ಕೆಲವರು ನಮ್ಮ ಗೇಟಿಗೂ ಬರುತ್ತಿದ್ದರು.

ಹೊರಗಿನವರಿಗೆ ಆಕಾಶ ಖಾಲಿ ಕಾಣುತ್ತದೆ. ಅಲ್ಲೂ ಎಲ್ಲೆಗಳಿವೆ. ದಕ್ಷಿಣಕ್ಕೆ ಹಂಗಳದ ಆಚೆ ಬಂಡೀಪುರದ ಕಾಡು, ಅದರ ಮೇಲೆ ಹಾರುವಂತಿಲ್ಲ. ಉತ್ತರಕ್ಕೆ ಮೈಸೂರು ವಿಮಾನ ನಿಲ್ದಾಣದ ವಲಯ, ಅಲ್ಲಿಗೆ ಕೇಳದೆ ಹೋಗುವಂತಿಲ್ಲ. ಇಷ್ಟು ಎತ್ತರ ಮೀರುವಂತಿಲ್ಲ, ಮೋಡದೊಳಗೆ ನುಗ್ಗುವಂತಿಲ್ಲ, ಸೂರ್ಯ ಮುಳುಗಿದ ಮೇಲೆ ಹಾರುವಂತಿಲ್ಲ. ದಿನವೂ ಹಾರುವ ಮೊದಲು ವಾಯುರಕ್ಷಣೆಯವರಿಗೆ ಫೋನ್ ಮಾಡಿ ಆ ದಿನದ ಅನುಮತಿ ಸಂಖ್ಯೆ ಪಡೆಯಬೇಕು. ಅದಿಲ್ಲದೆ ಗಾಲಿ ನೆಲ ಬಿಟ್ಟರೆ ಅಪರಾಧ. ಆ ಸಂಖ್ಯೆಯನ್ನು ನಾನು ಒಂದು ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದೆ.

ಅದೇ ಪುಸ್ತಕದ ಮೊದಲ ಹಾಳೆಯಲ್ಲಿ ನನ್ನ ಪಟ್ಟಿ ಇತ್ತು. ಹನ್ನೊಂದು ಸಾಲು. ನಾನು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದುವುದು, ಸೀಟಿನಲ್ಲಿ ಕೂತವನು ಕೈಯಿಂದ ಮುಟ್ಟಿ ನೋಡಿ ‘ಸರಿ’ ಎನ್ನುವುದು, ನಾನು ಆ ದಿನದ ಹಾಳೆಯಲ್ಲಿ ಗುರುತು ಹಾಕುವುದು. ಪೆಟ್ರೋಲು, ರೆಕ್ಕೆಯ ಬೋಲ್ಟು, ಬೆಲ್ಟು, ಹೆಲ್ಮೆಟ್ಟು, ರೇಡಿಯೋ, ಅನುಮತಿ ಸಂಖ್ಯೆ, ಹೀಗೆ. ಕೊನೆಯ ಸಾಲು: ‘ಮೇಲೆ ಯಾರು?’ ಅದಕ್ಕೆ ಉತ್ತರ ಹೇಳುವವನು ನಾನು. ‘ಯಾರೂ ಇಲ್ಲ’ ಎಂದ ಮೇಲೆಯೇ ಯಂತ್ರ ಹೊರಡಬೇಕು. ಒಂದು ಇಳಿಯುವವರೆಗೆ ಇನ್ನೊಂದು ಏರುವಂತಿಲ್ಲ ಎಂಬುದು ನಾನು ಮಾಡಿದ ನಿಯಮ.

ಆ ಪಟ್ಟಿ ಒಂದು ವಾರದಲ್ಲಿ ಎಲ್ಲರಿಗೂ ಬಾಯಿಗೆ ಬಂದುಬಿಟ್ಟಿತು. ನನಗಂತೂ ನಿದ್ದೆಯಲ್ಲೂ ಬರುತ್ತಿತ್ತು. ಆದರೂ ಪುಸ್ತಕ ತೆರೆದು, ಬೆರಳಿಟ್ಟು, ಕಣ್ಣಿನಿಂದ ನೋಡಿಯೇ ಓದುತ್ತಿದ್ದೆ. ಸೇವೆಗೆ ಸೇರಿದ ಹೊಸದರಲ್ಲಿ ನನ್ನ ಮೇಲಧಿಕಾರಿ ಕಲಿಸಿದ್ದು ಇದು: ಬಾಯಿಪಾಠ ಒಪ್ಪಿಸುವವನು ಒಂದು ಸಾಲು ಬಿಟ್ಟದ್ದು ಅವನಿಗೇ ಗೊತ್ತಾಗುವುದಿಲ್ಲ. ಹಾಳೆ ನೋಡದೆ ಓದಿದ ಪಟ್ಟಿ ಓದಿದಂತೆ ಅಲ್ಲ. ಅಂದಿನಿಂದ ನಾನು ಇದನ್ನು ಒಮ್ಮೆಯೂ ಮೀರಿರಲಿಲ್ಲ.

ಹಾರುವವರು ಇಬ್ಬರು. ಒಬ್ಬರು ಬೇಬಿ, ಕೇರಳದ ಸುಲ್ತಾನ್ ಬತ್ತೇರಿಯವರು, ಲೈಸೆನ್ಸು ಇದ್ದ ಪೈಲಟ್, ಕಲಿಸುವ ಅಧಿಕಾರವೂ ಇದ್ದವರು. ನಲವತ್ತೆಂಟು ವಯಸ್ಸು, ದೊಡ್ಡ ಮೀಸೆ. ‘ಬೇಬಿ’ ಎಂಬ ಹೆಸರು ಕೇಳಿ ಸುತ್ತಲಿನ ಹೊಲದಲ್ಲಿ ಹೂ ಬಿಡಿಸುವ ಹೆಂಗಸರು ಮೊದಲ ದಿನ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಬೇಬಿ ಮಲಯಾಳ ಬೆರೆಸಿದ ಕನ್ನಡ ಆಡುತ್ತಿದ್ದರು, ಮಾತಿಗೆ ಮೊದಲು ‘ಸಾರೇ’ ಸೇರಿಸುತ್ತಿದ್ದರು.

ಇನ್ನೊಬ್ಬ ಉಮ್ಮತ್ತೂರಿನ ಸಿದ್ದರಾಜು. ಈ ಬರಹ ಅವನ ಬಗ್ಗೆಯೇ. ಮೂವತ್ತಾರು ವಯಸ್ಸಿನ ಮೆಕ್ಯಾನಿಕ್. ಟಿಲ್ಲರು, ಪಂಪ್‌ಸೆಟ್ಟು, ಬೈಕು, ಏನು ಕೊಟ್ಟರೂ ಕಿವಿಗೊಟ್ಟು ಕೇಳಿ ರೋಗ ಹೇಳುತ್ತಿದ್ದ. ಗುರುಮಲ್ಲಪ್ಪ ಅವನನ್ನು ಎಂಜಿನ್ ನೋಡಿಕೊಳ್ಳಲು ಇಟ್ಟುಕೊಂಡಿದ್ದರು. ಆರು ತಿಂಗಳು ಕಳೆದ ಮೇಲೆ ಅವನು ತಾನೂ ಹಾರಲು ಕಲಿಯುತ್ತೇನೆಂದ. ಗುರುಮಲ್ಲಪ್ಪ ಮೊದಲು ನಕ್ಕರು, ಆಮೇಲೆ ಒಪ್ಪಿದರು. ನಾನು ಬರುವ ಹೊತ್ತಿಗೆ ಅವನು ಬೇಬಿಯವರ ಮೇಲ್ವಿಚಾರಣೆಯಲ್ಲಿ ಒಬ್ಬನೇ ಹಾರುವ ಹಂತಕ್ಕೆ ಬಂದಿದ್ದ. ಉಳಿದಿದ್ದದ್ದು ಇಂಗ್ಲಿಷಿನ ಲಿಖಿತ ಪರೀಕ್ಷೆ ಮತ್ತು ಕೊನೆಯ ಹಾರಾಟದ ಪರೀಕ್ಷೆ.

ಲಿಖಿತದಲ್ಲಿ ಒಮ್ಮೆ ಫೇಲಾಗಿದ್ದ. ಗಾಳಿ ಎದ್ದು ಯಂತ್ರಗಳನ್ನು ಒಳಗೆ ಸೇರಿಸಿದ ಮೇಲೆ, ಹನ್ನೊಂದರಿಂದ ಒಂದರವರೆಗೆ ನಾನು ಅವನಿಗೆ ಪಾಠ ಹೇಳುತ್ತಿದ್ದೆ. ವಾಯುವಲಯ, ಹವಾಮಾನ, ಎದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕೆಂಬುದು, ಇಳಿಯುವವನಿಗೆ ಏರುವವನು ದಾರಿ ಬಿಡಬೇಕೆಂಬುದು. ಆಗಸ್ಟಿನಲ್ಲಿ ಪಾಸಾದ. ಮೊಬೈಲಿನಲ್ಲಿ ಫಲಿತಾಂಶ ತೋರಿಸಿ ಮುಖ ಆಚೆ ತಿರುಗಿಸಿಕೊಂಡು ನಿಂತ.

“ಯಾಕಯ್ಯಾ, ಸಂತೋಷ ಇಲ್ವಾ?” ಎಂದೆ.

“ಅದೆ ಸಾರ್. ಇಷ್ಟ್ ದಿನ ಗಾಡಿ ರೆಡಿ ಮಾಡಿ ಇನ್ನೊಬ್ಬರ ಕೈಗೆ ಕೊಡೋನಾಗಿದ್ದೆ. ನಮ್ಮಪ್ಪನೂ ಅಂಗೇ, ಗಾಡಿ ಕಟ್ಟಿ ಕೊಡೋನು, ಹತ್ತೋರು ಬೇರೆಯವ್ರು. ಲೈಸೆನ್ಸ್ ಒಂದ್ ಬಂದ್‌ಬುಟ್ರೆ ಸಾಕು ಸಾರ್. ನಾನೂ ಬೇಬಿ ಸಾರ್ ಥರ ಕಲುಸ್ತಿನಿ.”

ಹಾರಾಟದ ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರಿ ದಸರಾ ಮುಗಿದ ಮುಂದಿನ ವಾರ ಬರುವುದೆಂದು ನಿಶ್ಚಯವಾಯಿತು. ಅದಕ್ಕೆ ಇಷ್ಟು ಗಂಟೆಗಳ ಹಾರಾಟ ಪೂರೈಸಿರಬೇಕು. ಸಿದ್ದರಾಜುವಿನ ಗಂಟೆಗಳು ಕಡಿಮೆ ಇದ್ದವು. ಒಬ್ಬರು ಇಳಿಯುವವರೆಗೆ ಒಬ್ಬರು ಏರಬಾರದೆಂಬ ನನ್ನ ನಿಯಮದಿಂದ, ಗಾಳಿ ಏಳುವ ಮೊದಲು ಸಿಗುವ ಎರಡು ಗಂಟೆಯಲ್ಲಿ ಅರ್ಧ ಹೊತ್ತು ಅವನು ಕೆಳಗೇ ಕೂತಿರಬೇಕಾಗಿತ್ತು.

ಅಷ್ಟರಲ್ಲಿ ಒಂದು ಘಟನೆ ನಡೆಯಿತು. ಬೇಬಿ ಮೇಲಿದ್ದಾಗ ಊಟಿ ಕಡೆಗೆ ಹೋಗುವ ಒಂದು ಹೆಲಿಕಾಪ್ಟರ್ ಮೋಡದ ಅಡಿಯಲ್ಲೇ ತಗ್ಗಿನಲ್ಲಿ ಬಂದು, ಅವರ ಹತ್ತಿರದಿಂದ ಹಾದುಹೋಯಿತು. ಬೇಬಿ ಇಳಿದು ಬಂದು ಹೆಲ್ಮೆಟ್ಟು ತೆಗೆದು ನೆಲದ ಮೇಲಿಟ್ಟರು. ಆಮೇಲೆ ಗುರುಮಲ್ಲಪ್ಪನವರಿಗೆ ಹೇಳಿದರು: “ಸಾರೇ, ಆ ಬಾಕ್ಸ್ ವೇಣಂ, ಬೇಕೇ ಬೇಕು. ಬಾಕ್ಸ್ ಇಲ್ಲ, ನಾನಿಲ್ಲ.”

ಅವರು ಹೇಳಿದ್ದು ಡಿಕ್ಕಿ ತಪ್ಪಿಸುವ ಉಪಕರಣ. ಸೋಪಿನ ಡಬ್ಬಿಯಷ್ಟು ದೊಡ್ಡದು. ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ಸುತ್ತಲಿನ ವಿಮಾನಗಳಿಗೆ ಕ್ಷಣಕ್ಷಣವೂ ಸಾರುತ್ತದೆ. ಬೇರೆ ವಿಮಾನ ಸಾರಿದ್ದನ್ನು ಕೇಳಿಸಿಕೊಂಡು, ಹತ್ತಿರ ಬಂದರೆ ಹೆಲ್ಮೆಟ್ಟಿನ ಹೆಡ್‌ಫೋನಿನಲ್ಲಿ ಯಾವ ದಿಕ್ಕು, ಮೇಲೋ ಕೆಳಗೋ ಎಂದು ಕೂಗಿ ಹೇಳುತ್ತದೆ. ಈ ಜಾತಿಯ ವಿಮಾನಕ್ಕೆ ಅದು ತುಂಬ ಬೇಕಾದದ್ದು. ತಲೆಯ ಮೇಲಿನ ರೆಕ್ಕೆ ಆಕಾಶವನ್ನು ಮುಚ್ಚಿಬಿಡುತ್ತದೆ, ಹಾಗಾಗಿ ಕೆಳಗಿರುವವನಿಗೆ ಮೇಲಿನವನು ಕಾಣುವುದಿಲ್ಲ. ಮೇಲಿರುವವನಿಗೆ ತನ್ನ ಕಾಲಡಿ ಇರುವವನು ಕಾಣುವುದಿಲ್ಲ.

ಎರಡು ಬಾಕ್ಸು ಬಂದವು. ಸಿದ್ದರಾಜು ಒಂದೊಂದು ಯಂತ್ರಕ್ಕೆ ಒಂದೊಂದನ್ನು ತಿರುಪು ಹಾಕಿ ಕೂರಿಸಿದ. ಪರೀಕ್ಷಿಸಲೆಂದು ಎರಡನ್ನೂ ಒಟ್ಟಿಗೆ ಹಾರಿಸಿದ ಮೊದಲ ದಿನ ಇಳಿದವನೇ ಹೇಳಿದ: “ಮಾತಾಡ್ತದೆ ಸಾರ್ ಇದು! ಬೇಬಿ ಸಾರ್ ಅಷ್ಟ್ ದೂರ ಇರುವಾಗ್ಲೇ ‘ಟ್ರಾಫಿಕ್ ಟ್ರಾಫಿಕ್’ ಅಂತ ಕಿರುಚ್ತದೆ. ನಮ್ಮನೆಯವಳಿಗಿಂತ ಜೋರು.”

“ನಿಂಡೆ ಮನೆಯವಳಿಗೆ ಒಂದು ಸ್ವಿಚ್ ಇಲ್ಲ. ಇದಕ್ಕೆ ಉಂಡು,” ಎಂದರು ಬೇಬಿ.

ಪಟ್ಟಿಗೆ ಹನ್ನೆರಡನೆಯ ಸಾಲು ಸೇರಿಸಿದೆ: ‘ಬಾಕ್ಸು ಆನ್, ಹಸಿರು ದೀಪ.’ ನನ್ನ ಹಳೆಯ ನಿಯಮವನ್ನು ಸಡಿಲಿಸಿದೆ. ಎರಡೂ ಬಾಕ್ಸುಗಳಲ್ಲಿ ಹಸಿರು ದೀಪ ಇದ್ದರೆ ಎರಡೂ ಯಂತ್ರಗಳು ಒಟ್ಟಿಗೆ ಮೇಲಿರಬಹುದು. ಸಿದ್ದರಾಜುವಿನ ಗಂಟೆಗಳು ಬೇಗ ಬೇಗ ತುಂಬಿದವು. ಸೆಪ್ಟೆಂಬರ್ ಪೂರ್ತಿ ಬೆಳಗಾದರೆ ಎರಡು ಬಣ್ಣದ ರೆಕ್ಕೆಗಳು ಹೂವಿನ ಹೊಲದ ಮೇಲೆ ಸುತ್ತುತ್ತಿದ್ದವು. ಒಂದು ಮೇಲಿರುವಾಗ ಇನ್ನೊಂದು ಏರುವುದು ಯಾರ ಕಣ್ಣಿಗೂ ತಪ್ಪಾಗಿ ಕಾಣದಷ್ಟು ರೂಢಿಯಾಯಿತು. ನನ್ನ ಕಣ್ಣಿಗೂ.

ಆಯುಧಪೂಜೆಯ ದಿನ ಹಾರಾಟಕ್ಕೆ ರಜೆ. ಆದ್ದರಿಂದ ಅನುಮತಿ ಸಂಖ್ಯೆಗೆ ನಾನು ಫೋನ್ ಮಾಡಿರಲಿಲ್ಲ. ಏಳು ಗಂಟೆಗೆ ಹೋದಾಗ ಸಿದ್ದರಾಜು ಎರಡೂ ಯಂತ್ರಗಳನ್ನು ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಚೆಂಡು ಹೂವಿನ ಹಾರ ಹಾಕಿ ಹೊರಗೆ ನಿಲ್ಲಿಸಿದ್ದ. ಶೆಡ್ಡಿನ ಮೂಲೆಯಲ್ಲಿ ಹಲಗೆ ಹಾಕಿ ಬಿಳಿ ಬಟ್ಟೆ ಹಾಸಿ ಸ್ಪ್ಯಾನರು, ಇಕ್ಕಳ, ಗೇಜು ಎಲ್ಲ ಸಾಲಾಗಿ ಇಟ್ಟಿದ್ದ. ಅವುಗಳ ನಡುವೆ ಎರಡೂ ಬಾಕ್ಸುಗಳು, ಹೆಲ್ಮೆಟ್ಟುಗಳು, ನನ್ನ ಕೈ ರೇಡಿಯೋ.

“ಬಾಕ್ಸು ಯಾಕೆ ಬಿಚ್ಚಿದೆ?” ಎಂದೆ.

“ಅದ್ಕೆ ಹೂ ಮಡಗ್ದೆ ಇನ್ಯಾವುದ್ಕೆ ಮಡಗದು ಸಾರ್? ನಮ್ ಜೀವ ಕಾಯದು ಅದೇ ಅಲ್ವಾ?” ಎಂದ. “ನಿಮ್ ಬುಕ್ಕೂ ಕೊಡಿ.”

ನಾನು ಪುಸ್ತಕ ಮತ್ತು ಪೆನ್ನು ಕೊಟ್ಟೆ. ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಹಾಗೆಯೇ. ಆ ದಿನ ಪುಸ್ತಕ ಪೂಜೆಗೆ ಇಡಬೇಕು. ಇಟ್ಟದ್ದನ್ನು ಮರುದಿನ ವಿಜಯದಶಮಿಯಂದು ಪೂಜೆ ಮಾಡಿ ಕದಲಿಸುವವರೆಗೆ ಮುಟ್ಟುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ. ಆಯುಧಗಳಿಗೂ ಅದೇ. ಸಿದ್ದರಾಜು ಪುಸ್ತಕಕ್ಕೆ ಕುಂಕುಮ ಹಚ್ಚಿದ. ಎಲ್ಲವೂ ಕ್ರಮಬದ್ಧವಾಗಿತ್ತು. ನನಗೆ ಸಮಾಧಾನವೇ ಆಯಿತು.

ಗುರುಮಲ್ಲಪ್ಪ ಬಂದು ಮಂಗಳಾರತಿ ಎತ್ತಿ ಬೂದುಗುಂಬಳ ಒಡೆದರು. ಹೊಲದ ಕೆಲಸದವರೆಲ್ಲ ನೆರೆದಿದ್ದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಪೂಜೆಯಾದ ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಿ ಒಂದು ರೌಂಡ್ ಹೋಗಿ ಬರಬೇಕಲ್ಲ, ಕಾರಿರಲಿ ಟ್ರಾಕ್ಟರಿರಲಿ, ಎಲ್ಲರೂ ಮಾಡುವುದು ಅದನ್ನೇ. ಬೇಬಿ ಹಾರ ಹಾಕಿಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಬರಿತಲೆಯಲ್ಲೇ ಕೂತರು. ಒಂದು ಬುಟ್ಟಿ ಹೂವಿನ ಎಸಳು ತೊಡೆಯ ಮೇಲಿಟ್ಟುಕೊಂಡರು, ಮೇಲಿಂದ ಎರಚಲು. “ಒರು ರೌಂಡ್ ಮಾತ್ರಂ, ಸಾರೇ. ಐದು ನಿಮಿಷ,” ಎಂದು ನನಗೆ ಕೈ ಬೀಸಿ ಹೊರಟರು. ನಿಂಬೆಹಣ್ಣು ಚಟಚಟನೆ ಒಡೆಯಿತು. ಜನ ಕೂಗಿದರು.

ನಾನು ತಡೆಯಲಿಲ್ಲ. ತಡೆಯಬೇಕಾದದ್ದು ಹಾರಾಟವನ್ನು, ಇದು ಪೂಜೆಯ ರೌಂಡು. ಆ ಕ್ಷಣ ನನ್ನ ಮನಸ್ಸಿನಲ್ಲಿ ಇದ್ದ ಲೆಕ್ಕ ಇಷ್ಟೇ.

ಸಿದ್ದರಾಜು ತನ್ನ ಯಂತ್ರವನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ರನ್‌ವೇಯ ತುದಿಯವರೆಗೆ ನೆಲದ ಮೇಲೆಯೇ ಓಡಿಸಿಕೊಂಡು ಬಂದು ನಿಲ್ಲಿಸಬೇಕೆಂದು ಮಾತಾಗಿತ್ತು. ಗುರುಮಲ್ಲಪ್ಪ ಉತ್ಸಾಹದಲ್ಲಿದ್ದರು.

“ಲೋ ಸಿದ್ದ, ನೀನೂ ಒಂದ್ ಸುತ್ತ್ ಒಡುದ್ಬುಡ್ಲಾ! ಒಂದೇ ಪೂಜೆ ಮಾಡಿಸ್ಕಂಡಿರವು ಎರಡೂ. ಒಂದು ಮ್ಯಾಲೆ ಓಗಿ ಒಂದು ನೆಲದಲ್ಲೇ ಉಳುದ್ರೆ ಆದದಾ?”

“ಮುಂದ್ಲ ವಾರ ಟೆಸ್ಟು ಅದೆ ಸಾವ್ಕಾರ್ರೇ.”

“ಅದ್ಕೇ ಕಣ್ಲಾ! ಇದೇ ಒಳ್ಳೆ ಸಕುನ.”

ಜನ ನಗುತ್ತಿದ್ದರು. ಸಿದ್ದರಾಜು ಸೀಟಿನಲ್ಲಿ ಕೂತು ಬೆಲ್ಟು ಕಟ್ಟಿಕೊಂಡು ನನ್ನ ಕಡೆ ತಿರುಗಿದ. ಎಂಜಿನ್ ಶಬ್ದದ ಮೇಲೆ ಕೂಗಿದ: “ಸಾರ್, ಲಿಸ್ಟು ಓದ್ಬುಡಿ.”

“ಪುಸ್ತಕ ಪೂಜೆಯಲ್ಲಿದೆ,” ಎಂದೆ.

“ಬಾಯಲ್ಲೇ ಏಳ್ಬುಡಿ ಸಾರ್. ನಿಮ್ಗೆ ಬತ್ತದಲ್ಲ.”

“ಬಾಯಲ್ಲಿ ಹೇಳೋದು ನನ್ನ ಪದ್ಧತಿ ಅಲ್ಲ. ಗೊತ್ತಲ್ಲ ನಿನಗೆ.”

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ನಾನು ‘ಹಾಗಾದರೆ ಹೋಗಬೇಡ’ ಎನ್ನುವುದಕ್ಕಾಗಿ ಕಾದನೋ ಏನೋ. ನಾನು ಅದನ್ನು ಹೇಳಲಿಲ್ಲ. ಗುರುಮಲ್ಲಪ್ಪ ಕೈ ಬೀಸಿದರು. ಯಂತ್ರ ಹೊರಟಿತು.

ಹೇಳಿದ್ದರೆ ಹನ್ನೆರಡು ಸಾಲಿಗೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ. ಹೆಲ್ಮೆಟ್ಟು ಇಲ್ಲ. ರೇಡಿಯೋ ಇಲ್ಲ. ಅನುಮತಿ ಸಂಖ್ಯೆ ಇಲ್ಲ. ಬಾಕ್ಸು ಇಲ್ಲ. ಮೇಲೆ ಯಾರು? ಬೇಬಿ. ಅಲ್ಲಿಗೆ ಎಂಜಿನ್ ಆರಿಸಿ ಅವನು ಕೆಳಗಿಳಿಯುತ್ತಿದ್ದ.

ಬೇಬಿ ಒಂದೇ ಸುತ್ತಿಗೆ ಇಳಿಯಲಿಲ್ಲ. ಎಸಳನ್ನು ಜನರ ಮೇಲೆಯೇ ಚೆಲ್ಲಬೇಕೆಂದು ದಿನವೂ ಎಡಕ್ಕೆ ಹಾಕುವ ಸುತ್ತನ್ನು ಬಿಟ್ಟು, ಪೂರ್ವದಿಂದ ಬಿಸಿಲಿಗೆ ಬೆನ್ನು ಹಾಕಿ ತಗ್ಗಿನಲ್ಲಿ ಬಂದರು. ಸಿದ್ದರಾಜು ಏರುತ್ತಿದ್ದಾನೆಂದು ಅವರಿಗೆ ಗೊತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಆ ಯಂತ್ರ ನೆಲದ ಮೇಲಿತ್ತು. ಸಿದ್ದರಾಜು ಪೂರ್ವಕ್ಕೇ ಮುಖ ಮಾಡಿ ಏರಿದ. ಎದುರಿಗೆ ಸೂರ್ಯ, ತಲೆಯ ಮೇಲೆ ರೆಕ್ಕೆ. ನಾನು ಎರಡನ್ನೂ ಒಟ್ಟಿಗೆ ನೋಡುತ್ತಿದ್ದೆ. ಕೈ ಸೊಂಟಕ್ಕೆ ಹೋಯಿತು. ಅಲ್ಲಿ ರೇಡಿಯೋ ಇರಲಿಲ್ಲ. ಕೂಗಿದೆ. ಪಕ್ಕದ ಹೆಂಗಸು ನನ್ನನ್ನು ನೋಡಿ ತಾನೂ ಸಂತೋಷದಿಂದ ಕೂಗಿದಳು.

ಸಿದ್ದರಾಜುವಿನ ರೆಕ್ಕೆಯ ತುದಿ ಬೇಬಿಯವರ ಯಂತ್ರದ ಅಡಿಗೆ ತಾಕಿತು. ದೊಡ್ಡ ಶಬ್ದವೇನೂ ಆಗಲಿಲ್ಲ, ಒಣಗಿದ ಬಟ್ಟೆ ಹರಿದಂತೆ ಕೇಳಿಸಿತು. ಬೇಬಿಯವರ ಯಂತ್ರ ಮಗುಚಿ ರಸ್ತೆಯ ಈಚೆಯ ಬದುವಿನ ಮೇಲೆ ಬಿತ್ತು. ನಾವು ತಲುಪುವಷ್ಟರಲ್ಲಿ ಅವರ ಜೀವ ಹೋಗಿತ್ತು. ಸಿದ್ದರಾಜುವಿನದು ವಾಲುತ್ತ ಸುತ್ತುತ್ತ ಹೊಲದಲ್ಲಿ ಬಿತ್ತು. ಹೂವಿನ ಗಿಡಗಳು ಎದೆಯೆತ್ತರ ಇದ್ದವು. ಅವನು ಬದುಕಿದ. ಬಲಗಾಲು ತೊಡೆಯಲ್ಲಿ ಎರಡು ಕಡೆ ಮುರಿದಿತ್ತು.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಅವನು ಕೇಳಿದ ಮೊದಲ ಮಾತು: “ಟೆಸ್ಟು ಮುಂದಕ್ಕಾಕವ್ರಾ ಸಾರ್?” ಬೇಬಿಯವರ ಸುದ್ದಿ ಅವನಿಗೆ ಇನ್ನೂ ಹೇಳಿರಲಿಲ್ಲ. “ಹೌದು, ಮುಂದಕ್ಕೆ ಹಾಕಿದ್ದಾರೆ,” ಎಂದೆ. ನಾನು ಆ ಪ್ರಸಂಗದಲ್ಲಿ ಹೇಳಿದ ಸುಳ್ಳು ಅದೊಂದೇ.

ಅಂದು ಸಂಜೆ ಗುರುಮಲ್ಲಪ್ಪ ಹರದನಹಳ್ಳಿಗೆ ಬಂದರು. ಕೈಯಲ್ಲಿ ನನ್ನ ಪುಸ್ತಕ, ಮೇಲೆ ಕುಂಕುಮ ಹಾಗೆಯೇ ಇತ್ತು. ಅದನ್ನು ನನ್ನ ಮುಂದಿಟ್ಟು ಹಾಳೆ ತೆರೆದರು.

“ನಾಳಿದ್ದು ಎನ್ಕ್ವೈರಿ ಮಾಡೋರು ಬತ್ತಾರೆ. ಆವತ್ತಿನ ಹಾಳೆ ಖಾಲಿ ಅದೆ ಸಾರ್.”

“ಖಾಲಿಯೇ ಇರಬೇಕು. ನಾನು ಓದಿಲ್ಲ.”

“ಗುರ್ತಾಕ್ಬುಡಿ ಸಾರ್. ಹನ್ನೆರಡ್ ಗುರ್ತು. ಬಾಕ್ಸು ಎರಡೂ ಗಾಡೀಲಿ ಇದ್ದೋ, ದೀಪ ಉರಿತಿತ್ತು ಅಂತ. ಸಿದ್ದನ ಬಾಕ್ಸು ಕೂಗ್ತು, ಅವನು ಬಲಕ್ಕೆ ತಿರುಗ್ದ. ಬೇಬಿ ಸಾರ್ ತಿರುಗ್ಲಿಲ್ಲ. ಅಷ್ಟೇಯ.”

“ತಪ್ಪು ಬೇಬಿಯದು ಅಂತ.”

“ಅವರು ಹೋದ್ರು ಸಾರ್. ಅವರಿಗೆ ಇನ್ನೇನಾಗ್ಬೇಕಾಗದೆ? ಸಿದ್ದ ಇರೋನು. ಅವನ ಲೈಸೆನ್ಸು ಉಳೀತದೆ. ನಾನು ನಂಗೋಸ್ಕರ ಕೇಳ್ತಾ ಇಲ್ಲ, ದೇವ್ರಾಣೆ. ನಾನೇ ಅಲ್ವಾ ಅವನ ಮ್ಯಾಲಕ್ಕೆ ಕಳ್ಸಿದ್ದು?” ಎನ್ನುತ್ತ ಅವರು ಅತ್ತರು. ಅವರು ಕೆಟ್ಟವರಲ್ಲ.

ಬತ್ತೇರಿಯಲ್ಲಿ ಬೇಬಿಯವರ ಹೆಂಡತಿ ಇದ್ದರು, ಅವರಿಗೂ ವರದಿಯ ಒಂದು ಪ್ರತಿ ಹೋಗುತ್ತಿತ್ತು. ನಾನು ಪೆನ್ನು ತೆಗೆದುಕೊಂಡು ಆ ಖಾಲಿ ಹಾಳೆಗೆ ಅಡ್ಡಗೆರೆ ಎಳೆದು, ‘ಪಟ್ಟಿ ಓದಿಲ್ಲ’ ಎಂದು ಬರೆದು, ಆ ದಿನದ ತಾರೀಖು ಹಾಕಿ ಸಹಿ ಮಾಡಿದೆ. ಗುರುಮಲ್ಲಪ್ಪ ಎದ್ದು ಹೋದರು. ಚಪ್ಪಲಿ ಮೆಟ್ಟಿಕೊಳ್ಳುವಾಗ ಒಂದು ಮಾತು ಹೇಳಿದರು: “ನಿಮ್ ಪದ್ಧತಿ ಆವತ್ತೂ ಗೆಲ್ತು, ಇವತ್ತೂ ಗೆಲ್ತು ಬುಡಿ.”

ನಾನು ಏನು ಯೋಚಿಸಿದ್ದೆನೆಂದರೆ, ನಿಜ ಬರೆದರೆ ತಪ್ಪು ನನ್ನ ಮೇಲೆ ಬರುತ್ತದೆ, ಬೇಬಿಯವರ ಹೆಸರೂ ಉಳಿಯುತ್ತದೆ, ಸಿದ್ದರಾಜುವೂ ಉಳಿಯುತ್ತಾನೆ. ಪಟ್ಟಿ ಓದಿ ಎಂದು ಅವನು ಕೇಳಿದ, ನಾನು ಓದಲಿಲ್ಲ. ಆರು ಪುಟದ ಹೇಳಿಕೆ ಬರೆದೆ. ಒಂದು ಮಾತೂ ಬಿಡಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಮರ್ಯಾದಸ್ಥ ಮನುಷ್ಯ. ಆರು ಪುಟವನ್ನೂ ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು: “ತಾವು ಇಲ್ಲಿ ಏನಾಗಿದ್ದಿರಿ?”

“ಪಟ್ಟಿ ಓದುವವನು.”

“ಯಾವ ಅಧಿಕಾರದಿಂದ?”

ನಾನು ಪುಸ್ತಕವನ್ನು ಅವರ ಕಡೆ ಸರಿಸಿದೆ.

“ಸಾರ್, ಇಂಥ ಖಾಸಗಿ ಜಾಗದಲ್ಲಿ ಪಟ್ಟಿ ಓದುವವರು ಇರಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಗಾಲಿ ನೆಲ ಬಿಡುವ ಮೊದಲು ಎಲ್ಲ ನೋಡಿಕೊಳ್ಳುವ ಹೊಣೆ ಸೀಟಿನಲ್ಲಿ ಕೂತವನದು. ನಿಮ್ಮ ಮೇಲೆ ಬರೆಯೋದಕ್ಕೆ ನನಗೆ ಜಾಗ ಇಲ್ಲ.” ಕನ್ನಡಕ ಮತ್ತೆ ಹಾಕಿಕೊಂಡು, “ಆದರೆ ನಿಮ್ಮ ಹೇಳಿಕೆ ಬಹಳ ಉಪಯೋಗಕ್ಕೆ ಬಂತು,” ಎಂದರು.

ಹೇಗೆ ಉಪಯೋಗಕ್ಕೆ ಬಂತೆಂದು ಜನವರಿಯಲ್ಲಿ ತಿಳಿಯಿತು. ವರದಿಯಲ್ಲಿ ಬೇಬಿಯವರ ಬಗ್ಗೆ ಎರಡು ಸಾಲು: ಅನುಮತಿ ಇಲ್ಲದೆ ಹಾರಿದ್ದು, ಸುತ್ತಿನ ದಿಕ್ಕು ಬದಲಿಸಿದ್ದು. ಸತ್ತವರ ಮೇಲೆ ಕ್ರಮವಿಲ್ಲ. ಸಿದ್ದರಾಜುವಿನ ಬಗ್ಗೆ ಒಂದು ಪುಟ. ವಿದ್ಯಾರ್ಥಿ ಪೈಲಟ್. ಶಿಕ್ಷಕನ ಒಪ್ಪಿಗೆ ಇಲ್ಲದೆ, ಅನುಮತಿ ಸಂಖ್ಯೆ, ರೇಡಿಯೋ, ಡಿಕ್ಕಿ ತಪ್ಪಿಸುವ ಉಪಕರಣ ಯಾವುದೂ ಇಲ್ಲದೆ ಏರಿದ. ಪಟ್ಟಿ ಓದಬೇಕೆಂದು ತಾನೇ ಕೇಳಿದ್ದರಿಂದ ಓದಿಲ್ಲವೆಂಬುದು ಅವನಿಗೆ ತಿಳಿದಿತ್ತು, ತಿಳಿದೂ ಏರಿದ. ನಾನು ಅವನನ್ನು ಉಳಿಸಲು ಬರೆದ ವಾಕ್ಯವೇ ಅವನನ್ನು ಕಟ್ಟಿಹಾಕಿತ್ತು. ಅವನ ಲೈಸೆನ್ಸಿನ ಕಡತ ಮುಚ್ಚಿದರು. ಜಾಗದ ಅನುಮತಿ ರದ್ದಾಯಿತು. ಗುರುಮಲ್ಲಪ್ಪ ಆ ಬೇಸಗೆಯಲ್ಲೇ ರನ್‌ವೇ ಉಳುಮೆ ಮಾಡಿಸಿಬಿಟ್ಟರು.

ಫೆಬ್ರವರಿಯಲ್ಲಿ ಉಮ್ಮತ್ತೂರಿಗೆ ಹೋದೆ. ಸಿದ್ದರಾಜು ಮನೆಯ ಮುಂದೆ ಚಪ್ಪರದ ಕೆಳಗೆ ಗೋಣಿಚೀಲದ ಮೇಲೆ ಕೂತು ಪಂಪ್‌ಸೆಟ್ಟಿನ ಮೋಟಾರು ಬಿಚ್ಚುತ್ತಿದ್ದ. ಕಾಲು ಮಡಿಸಲು ಬರದೆ ಮುಂದಕ್ಕೆ ಚಾಚಿದ್ದ. ಎದ್ದು ನಿಲ್ಲಲು ನೋಡಿದ. ಬೇಡವೆಂದೆ. ಅವನ ಹೆಂಡತಿ ಕುರ್ಚಿ ತಂದು ಹಾಕಿ ಒಳಗೆ ಹೋದಳು.

ಮೇಲ್ಮನವಿಯ ಅರ್ಜಿಯನ್ನು ಬರೆದು ತಂದಿದ್ದೆ. ಅದನ್ನು ಕೈಗೆ ಕೊಟ್ಟೆ. ಅವನು ಎಣ್ಣೆ ಕೈ ಒರೆಸಿಕೊಂಡು, ಪೂರ್ತಿ ಓದಿ, ಮಡಿಸಿ ವಾಪಸು ಕೊಟ್ಟ.

“ಬ್ಯಾಡ ಸಾರ್. ನಾನ್ ತಿಳ್ಕಂಡೇ ಏರ್ದೆ. ಅದು ನಿಜ ತಾನೇ?”

“ನಾನು ಹೋಗಬೇಡ ಅನ್ನಬೇಕಿತ್ತು ಸಿದ್ದರಾಜು.”

“ಅನ್ಬೇಕಿತ್ತು,” ಎಂದ. ಸಿಟ್ಟಿನಿಂದ ಹೇಳಲಿಲ್ಲ. ಒಂದು ತಿರುಪನ್ನು ಹುಡುಕಿ ಬಟ್ಟಲಿಗೆ ಹಾಕಿದ. “ನೀವು ಸುಳ್ ಬರ್ದ್ಬುಟ್ಟಿದ್ರೆ ಬೇಬಿ ಸಾರ್ ಮನೇವ್ರ ಮುಖ ನೋಡಕಾಯ್ತಿರ್ಲಿಲ್ಲ. ಅದು ನಂಗೂ ಗೊತ್ತದೆ. ಅದ್ಕೆ ನಿಮ್ ಮ್ಯಾಲೆ ಕ್ವಾಪ ಇಲ್ಲ.”

ಅವನ ಹೆಂಡತಿ ಕಾಫಿ ತಂದಳು. ಕುಡಿದೆ. ಅರ್ಜಿಯನ್ನು ಜೇಬಿಗಿಟ್ಟುಕೊಂಡೆ. ಮುಂದಿನ ತಿಂಗಳು ಮೊದಲ ಭಾನುವಾರ ಮತ್ತೆ ಬರುತ್ತೇನೆಂದೆ.

ಅವನು ಕೆಲಸ ನಿಲ್ಲಿಸಿದ.

“ತಪ್ಪು ತಿಳೀಬ್ಯಾಡಿ ಸಾರ್. ಬರ್ಬ್ಯಾಡಿ. ನೀವ್ ಬಂದು ಇಂಗೆ ಕೂತ್ರೆ ಸಾಕು, ನನ್ ಕಣ್ಣು ತಂತಾನೆ ಮ್ಯಾಲಕ್ಕೋಯ್ತದೆ. ನಾನೀಗ ಕೆಳಗ್ ನೋಡ್ಕಂಡಿರದ ಕಲೀತಾವ್ನಿ.”

ಸರಿ ಎಂದೆ. ಲೋಟ ಕೆಳಗಿಟ್ಟು ಎದ್ದೆ. ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು. ಅಲ್ಲಿ ಕೂರಲಿಲ್ಲ, ರಸ್ತೆಗೆ ಹೋಗಿ ನಿಂತೆ.